ಹನ್ನೊಂದು ಮಿಲಿಮೀಟರಿನ ಓರೆ

ಕಳೆದ ತಿಂಗಳ ಒಂದು ಸೋಮವಾರ, ಕನಕಪುರ ರಸ್ತೆಯ ಆಚೆಗಿರುವ ತೋಟದ ಮನೆಯೊಂದರಿಂದ ಒಂದು ಎಟಿವಿಯನ್ನು (ಕಚ್ಚಾ ನೆಲದಲ್ಲೂ ಓಡುವ, ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ) ಟೆಂಪೊದಲ್ಲಿ ಹೇರಿಕೊಂಡು ಅದರ ಮಾಲೀಕರು ಪೀಣ್ಯದಲ್ಲಿರುವ ನಮ್ಮ ಶೆಡ್ಡಿಗೆ ಬಂದರು. ವಾರದ ಕೊನೆಯಲ್ಲಿ ಬೆಂಗಳೂರಿನಿಂದ ಬರುವ ಅತಿಥಿಗಳು ತೋಟದೊಳಗಿನ ಮಣ್ಣುಹಾದಿಯಲ್ಲಿ ಓಡಿಸಲೆಂದು ಅವರು ಇಂಥ ನಾಲ್ಕು ಗಾಡಿಗಳನ್ನು ಇಟ್ಟುಕೊಂಡಿದ್ದಾರೆ. ಮೂರು ತಿಂಗಳ ಹಿಂದೆ ಯಾರೋ ಅತಿಥಿ ಈ ಗಾಡಿಯ ಎಡ ಮುಂಗಾಲಿಯನ್ನು ದಾರಿಯಂಚಿನ ಬಂಡೆಗೆ ಗುದ್ದಿಸಿದ್ದರು. “ಎಡಗಡೆಯ ಎ-ಆರ್ಮ್ ಎರಡನ್ನೂ ಹೊಸದು ಹಾಕಿಸಿದ್ದೀನಿ ಸಾರ್, ಬಂಪರ್ ಬೆಂಡ್ ತೆಗೆಸಿದ್ದೀನಿ, ಅಲೈನ್‌ಮೆಂಟ್ ಎರಡು ಸಲ ಆಯ್ತು. ಆದ್ರೂ ಕೈ ಸ್ವಲ್ಪ ಸಡಿಲ ಬಿಟ್ರೆ ಗಾಡಿ ಎಡಕ್ಕೇ ಎಳೆಯುತ್ತೆ” ಎಂದರು. ಎ-ಆರ್ಮ್ ಎಂದರೆ ಗಾಲಿಯನ್ನು ಚೌಕಟ್ಟಿಗೆ ಕೂಡಿಸುವ, ಎ ಅಕ್ಷರದ ಆಕಾರದ ತೋಳು. ಅವರ ಮಾತಿನಲ್ಲಿ ಚಾಸಿಯ, ಅಂದರೆ ಗಾಡಿಯ ಮೂಲ ಚೌಕಟ್ಟಿನ, ಪ್ರಸ್ತಾಪವೇ ಇರಲಿಲ್ಲ. ಹೊರಗಿನಿಂದ ನೋಡಿದರೆ ಅದರಲ್ಲಿ ಕಾಣುವಂಥದ್ದು ಏನೂ ಇರಲಿಲ್ಲವೆಂಬುದೂ ನಿಜ. ಕಪ್ಪು ಬಣ್ಣ ಹೊಳೆಯುತ್ತಿತ್ತು, ಬೋಲ್ಟುಗಳೆಲ್ಲ ಬಿಗಿಯಾಗಿದ್ದವು.

ಗುದ್ದಿಸಿಕೊಂಡ ಎಟಿವಿಯ ಚೌಕಟ್ಟನ್ನು ಕಣ್ಣಳತೆಯಲ್ಲಿ ಪರೀಕ್ಷಿಸಲು ಸಾಧ್ಯವೇ ಇಲ್ಲ ಎಂಬುದು ಇಷ್ಟು ವರ್ಷಗಳ ಕೆಲಸದಲ್ಲಿ ನನಗೆ ಮನವರಿಕೆಯಾಗಿರುವ ಸಂಗತಿ. ಆದ್ದರಿಂದ ಮೊದಲು ಪ್ಲಾಸ್ಟಿಕ್ ಹೊದಿಕೆ, ಸೀಟು, ರ‍್ಯಾಕು, ಅಡಿಭಾಗದ ಕಾಪು ತಗಡು ಎಲ್ಲವನ್ನೂ ಬಿಚ್ಚಿಸಿ, ಗಾಡಿಯನ್ನು ಸಮತಲವಾದ ನೆಲದ ಮೇಲೆ ನಾಲ್ಕು ಸ್ಟ್ಯಾಂಡುಗಳಲ್ಲಿ ನಿಲ್ಲಿಸಿದೆವು. ಮುಂದಿನ ಮತ್ತು ಹಿಂದಿನ ಎ-ಆರ್ಮ್‌ಗಳು ಚೌಕಟ್ಟಿಗೆ ಕೂಡುವ ಕೆಳಬೋಲ್ಟುಗಳ ನಡುಬಿಂದುವಿನಿಂದ ಗಾರೆ ಕೆಲಸದವರ ತೂಕದ ಗುಂಡನ್ನು ಇಳಿಬಿಟ್ಟು, ಅದು ನೆಲ ಮುಟ್ಟಿದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದೆವು. ಹೀಗೆ ನೆಲದ ಮೇಲೆ ಮೂಡುವ ನಾಲ್ಕು ಚುಕ್ಕಿಗಳ ನಡುವೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ, ನೇರವಾಗಿರುವ ಚೌಕಟ್ಟಿನಲ್ಲಿ ಎರಡು ಕರ್ಣಗಳೂ ಸಮವಾಗಿರಬೇಕು. ಎಡಕ್ಕೂ ಬಲಕ್ಕೂ ಕನ್ನಡಿಯ ಪ್ರತಿಬಿಂಬದಂತೆ ಕಟ್ಟಿದ ಚೌಕಟ್ಟಿಗೆ ಕಂಪನಿಯ ಅಳತೆಪಟ್ಟಿಯೂ ಬೇಕಾಗಿಲ್ಲ, ಅದರ ಒಂದು ಪಕ್ಕವೇ ಇನ್ನೊಂದು ಪಕ್ಕಕ್ಕೆ ಸಾಕ್ಷಿ ಹೇಳುತ್ತದೆ. ಇಲ್ಲಿ ಒಂದು ಕರ್ಣ 1,214 ಮಿ.ಮೀ. ಇತ್ತು, ಇನ್ನೊಂದು 1,203. ಎಡ ಮುಂಭಾಗದ ಕೆಳಮೂಲೆ 11 ಮಿ.ಮೀ.ಗೂ ತುಸು ಹೆಚ್ಚು ಹಿಂದಕ್ಕೆ ಸರಿದಿತ್ತು.

ಹನ್ನೊಂದು ಮಿಲಿಮೀಟರ್ ಎಂದರೆ ಕಿರುಬೆರಳಿನಷ್ಟೂ ಅಗಲವಿಲ್ಲ. ಆದರೆ ಮುಂಗಾಲಿಯನ್ನು ಎ-ಆರ್ಮ್‌ಗಳಿಗೆ ಕೂಡಿಸುವ ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟುಗಳ (ಗುಂಡುಕೀಲುಗಳ) ನಡುವಿನ ಅಂತರ ಈ ಗಾಡಿಯಲ್ಲಿ ಸುಮಾರು 180 ಮಿ.ಮೀ. ಮಾತ್ರ. ಮೇಲಿನದು ಇದ್ದಲ್ಲೇ ಇದ್ದು ಕೆಳಗಿನದು 10 ಮಿ.ಮೀ. ಹಿಂದಕ್ಕೆ ಹೋದರೂ ಆ ಗಾಲಿಯ ಕ್ಯಾಸ್ಟರ್ ಕೋನ, ಅಂದರೆ ಪಕ್ಕದಿಂದ ನೋಡಿದಾಗ ಗಾಲಿ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಸುಮಾರು 3 ಡಿಗ್ರಿ ಕಡಿಮೆಯಾಗುತ್ತದೆ, ಮತ್ತು ಗಾಡಿ ಯಾವಾಗಲೂ ಕ್ಯಾಸ್ಟರ್ ಕಡಿಮೆಯಿರುವ ಕಡೆಗೇ ಎಳೆಯುತ್ತದೆ. ಸ್ಟೀರಿಂಗಿನಿಂದ ಗಾಲಿಗೆ ಹೋಗುವ ಟೈ ರಾಡ್ ಎಂಬ ಸರಳನ್ನು ತಿರುಗಿಸಿ ಟೋ, ಅಂದರೆ ಮುಂಗಾಲಿಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಓರೆ, ಸರಿಪಡಿಸುವುದರಿಂದ ಇದು ಎಂದಿಗೂ ಸರಿಹೋಗದು. ಎರಡು ಸಲ ಅಲೈನ್‌ಮೆಂಟ್ ಮಾಡಿದವರು ಗಾಲಿಯನ್ನು ನೋಡಿದ್ದರೇ ಹೊರತು ಗಾಲಿ ನಿಂತಿರುವ ಬುಡವನ್ನು ನೋಡಿರಲಿಲ್ಲ.

ಚೌಕಟ್ಟು ಗಟ್ಟಿಯಾಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಗಟ್ಟಿ ಎಂಬ ಒಂದೇ ಮಾತಿನಲ್ಲಿ ನಾವು ಕನಿಷ್ಠ ಮೂರು ಬೇರೆ ಬೇರೆ ಗುಣಗಳನ್ನು ಬೆರೆಸಿಬಿಡುತ್ತೇವೆ: ಹೊರೆ ಬಿದ್ದಾಗ ಎಷ್ಟು ಕಡಿಮೆ ಬಾಗುತ್ತದೆ ಎಂಬುದು ಒಂದು, ಎಷ್ಟು ಹೊರೆಯ ತನಕ ಬಾಗಿದ್ದು ಮತ್ತೆ ನೆಟ್ಟಗಾಗುತ್ತದೆ ಎಂಬುದು ಇನ್ನೊಂದು, ಸಾವಿರಾರು ಸಣ್ಣ ಏಟುಗಳ ನಂತರವೂ ಬಿರುಕು ಬಿಡದೆ ಉಳಿಯುತ್ತದೆಯೇ ಎಂಬುದು ಮೂರನೆಯದು. ಮೊದಲನೆಯದಕ್ಕೂ ಉಕ್ಕಿನ ಜಾತಿಗೂ ಸಂಬಂಧವಿಲ್ಲವೆಂದೇ ಹೇಳಬಹುದು. ಸಾಮಾನ್ಯ ಮೈಲ್ಡ್ ಸ್ಟೀಲ್ ಆಗಲಿ, ಕ್ರೋಮಿಯಂ ಮತ್ತು ಮಾಲಿಬ್ಡಿನಮ್ ಬೆರೆತ ದುಬಾರಿ 4130 (ಕ್ರೋಮೋಲಿ) ಆಗಲಿ, ಎರಡರ ಸ್ಥಿತಿಸ್ಥಾಪಕ ಗುಣಾಂಕವೂ 205 ಗಿಗಾಪ್ಯಾಸ್ಕಲ್ ಆಸುಪಾಸಿನಲ್ಲೇ ಇರುತ್ತದೆ. ಒಂದೇ ಅಳತೆಯ ಎರಡು ಪೈಪುಗಳು ಒಂದೇ ಹೊರೆಗೆ ಒಂದೇ ಪ್ರಮಾಣದಲ್ಲಿ ಬಾಗುತ್ತವೆ. ಅಲ್ಲಿಂದ ಮುಂದೆ ಯಾವುದು ಬಾಗಿಯೇ ಉಳಿಯುತ್ತದೆ ಎಂಬಲ್ಲಿ ಮಾತ್ರ ಉಕ್ಕಿನ ಜಾತಿ ಲೆಕ್ಕಕ್ಕೆ ಬರುತ್ತದೆ.

ಬಾಗುವಿಕೆಯನ್ನು ನಿಜವಾಗಿ ತಡೆಯುವುದು ಪೈಪಿನ ವ್ಯಾಸ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಎಟಿವಿಗಳನ್ನು ಓಡಿಸುವ ಬಾಹಾ ಸ್ಪರ್ಧೆಯ ನಿಯಮಗಳು ಇದನ್ನು ಚೆನ್ನಾಗಿ ಕಲಿಸುತ್ತವೆ. 1976ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಈ ಸ್ಪರ್ಧೆ 2007ರಿಂದ ನಮ್ಮ ದೇಶದಲ್ಲೂ ನಡೆಯುತ್ತಿದೆ. ಚಾಲಕನನ್ನು ಸುತ್ತುವರಿಯುವ ಪಂಜರದ ಮುಖ್ಯ ಪೈಪುಗಳಿಗೆ ಅದರ ನಿಯಮದಲ್ಲಿ ಆಧಾರವಾಗಿರುವುದು 25.4 ಮಿ.ಮೀ. ಹೊರವ್ಯಾಸದ, 3.05 ಮಿ.ಮೀ. ದಪ್ಪದ ಗೋಡೆಯ, 1018 ಎಂಬ ದರ್ಜೆಯ ಉಕ್ಕಿನ ಕೊಳವೆ. ಬೇರೆ ಅಳತೆಯನ್ನು ಬಳಸುವವರು ತಮ್ಮದು ಬಾಗುವುದಕ್ಕೆ ಒಡ್ಡುವ ಬಿಗುವಿನಲ್ಲೂ ಬಾಗುವ ಹೊರೆಯನ್ನು ತಾಳುವ ಬಲದಲ್ಲೂ ಅದಕ್ಕಿಂತ ಕಡಿಮೆಯಿಲ್ಲವೆಂದು ಲೆಕ್ಕ ಮಾಡಿ ತೋರಿಸಬೇಕು. ಅದರ ಬದಲು 31.75 ಮಿ.ಮೀ. ವ್ಯಾಸದ, 1.65 ಮಿ.ಮೀ. ದಪ್ಪದ ಪೈಪನ್ನು ತೆಗೆದುಕೊಂಡರೆ ಒಂದು ಮೀಟರಿನ ತೂಕ 1.68 ಕೆ.ಜಿ.ಯಿಂದ 1.22 ಕೆ.ಜಿ.ಗೆ ಇಳಿಯುತ್ತದೆ, ಬಾಗುವುದಕ್ಕೆ ಒಡ್ಡುವ ಬಿಗುವು ಮಾತ್ರ ಸುಮಾರು 30 ಶೇಕಡಾ ಏರುತ್ತದೆ. ಕಾಲು ಭಾಗಕ್ಕಿಂತ ಹೆಚ್ಚು ಲೋಹವನ್ನು ಕಳೆದರೂ ಬಿಗುವು ಹೆಚ್ಚುವುದು ಇರುವ ಲೋಹ ನಡುವಿನಿಂದ ದೂರ ಸರಿದದ್ದರಿಂದ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ತೆಳುಗೋಡೆಯ ಪೈಪಿಗೆ ಚೂಪು ಕಲ್ಲು ಬಡಿದರೆ ಬೇಗ ತಗ್ಗು ಬೀಳುತ್ತದೆ, ತಗ್ಗು ಬಿದ್ದ ಪೈಪು ತನ್ನ ದುಂಡುತನದೊಂದಿಗೆ ಬಲವನ್ನೂ ಕಳೆದುಕೊಂಡು ಮುಂದಿನ ಸಣ್ಣ ಏಟಿಗೇ ಮಡಚಿಕೊಳ್ಳುತ್ತದೆ. ಎಟಿವಿಯ ಹೊಟ್ಟೆಯಡಿಯ ಪೈಪುಗಳನ್ನು ಆಯ್ಕೆಮಾಡುವವರು ಈ ಎರಡರ ನಡುವೆ ಎಚ್ಚರದಿಂದ ನಡೆಯಬೇಕಾಗುತ್ತದೆ.

ಆ ಸ್ಪರ್ಧೆಗೆ ನಾನೂ ಕಾಲೇಜಿನ ತಂಡದೊಂದಿಗೆ ಮಧ್ಯಪ್ರದೇಶದ ಪೀಥಂಪುರಕ್ಕೆ ಹೋಗಿದ್ದೆ. ಹೋಗುವ ಮೊದಲು ನಾವು ಮಾಡಿದ ಒಂದು ತಪ್ಪು ಚೌಕಟ್ಟಿನ ಬಗ್ಗೆ ನನ್ನ ಇಡೀ ತಿಳಿವಳಿಕೆಯನ್ನು ತಿದ್ದಿತು. ನೈಸ್ ರಸ್ತೆಯ ಪಕ್ಕದ ಒಂದು ಬಯಲಿನಲ್ಲಿ ಅಭ್ಯಾಸ ಮಾಡುವಾಗ ಮುಂದಿನ ಎ-ಆರ್ಮ್‌ಗಳು ಎರಡು ಸಲ ಬಾಗಿದವು. ಪ್ರತಿ ಸಲವೂ ಹೊಸದನ್ನು ಕಟ್ಟಲು ಎರಡು ದಿನ ಹಿಡಿಯುತ್ತಿತ್ತು, ಕೈಯಲ್ಲಿ ಹಣವೂ ಇರಲಿಲ್ಲ. ಆಗ ನಾವು ನೀರಿನ ಕೊಳಾಯಿಗೆ ಬಳಸುವ 20 ಎನ್‌ಬಿ ಸಿ ಕ್ಲಾಸ್ ಪೈಪನ್ನು ತಂದು, ಅಂದರೆ ಸುಮಾರು 27 ಮಿ.ಮೀ. ವ್ಯಾಸ ಮತ್ತು 3.2 ಮಿ.ಮೀ. ಗೋಡೆಯದನ್ನು, ಎ-ಆರ್ಮ್ ಮಾಡಿದೆವು. ಇನ್ನು ಇದು ಜನ್ಮದಲ್ಲಿ ಬಾಗುವುದಿಲ್ಲ ಎಂದು ಎಲ್ಲರೂ ಸಂತೋಷಪಟ್ಟೆವು. ಅದು ಬಾಗಲೂ ಇಲ್ಲ. ಮುಂದಿನ ವಾರ ಗಾಲಿ ಒಂದು ದಿಂಡಿಗೆ ಬಡಿದಾಗ ಎ-ಆರ್ಮ್ ಈಟಿಯಂತೆ ನೆಟ್ಟಗೆ ನಿಂತು, ಬಂದ ಏಟನ್ನು ಪೂರ್ತಿಯಾಗಿ ಚೌಕಟ್ಟಿಗೆ ದಾಟಿಸಿತು. ಎ-ಆರ್ಮ್ ಕೂಡುವ ಬ್ರ್ಯಾಕೆಟ್ಟಿನ ಹಿಂದಿನ ಪೈಪು ಚಾಲಕನ ಪಾದವಿರುವ ಜಾಗದೊಳಕ್ಕೆ ಬಗ್ಗಿ ಬಂತು. ಗೆಳೆಯನ ಪಾದ ಪೆಡಲಿನ ಮೇಲಿದ್ದುದರಿಂದ ಉಳಿಯಿತು. ಆ ದಿನ ಅವನ ಶೂವಿಗೂ ಆ ಪೈಪಿಗೂ ನಡುವೆ ಇದ್ದ ಅಂತರವನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಹಳೆಯ ಮನೆಗಳಲ್ಲಿ ಪದೇ ಪದೇ ಹೋಗುವ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತುವವರಿದ್ದರು. ಫ್ಯೂಸು ಮತ್ತೆ ಹೋಗುತ್ತಿರಲಿಲ್ಲ, ಗೋಡೆಯೊಳಗಿನ ತಂತಿಯೇ ಸುಡುತ್ತಿತ್ತು. ನಾವು ಮಾಡಿದ್ದು ಅದನ್ನೇ. ಒಳ್ಳೆಯ ಎಟಿವಿಯಲ್ಲಿ ಬಾಗುವುದಕ್ಕೂ ಒಂದು ಸರದಿ ಇರುತ್ತದೆ: ಮೊದಲು ಟೈ ರಾಡ್ ಮತ್ತು ಎ-ಆರ್ಮ್, ಆಮೇಲೆ ಅವುಗಳ ಬೋಲ್ಟು, ಅದಾದ ಮೇಲೆ ಬ್ರ್ಯಾಕೆಟ್ಟು, ಚೌಕಟ್ಟಿನ ಮುಖ್ಯ ಪೈಪು ಎಲ್ಲಕ್ಕೂ ಕಡೆಗೆ. ಬೋಲ್ಟು ಬಿಚ್ಚಿ ಬದಲಿಸಬಹುದಾದದ್ದು ಮೊದಲು ಸೋಲಬೇಕು, ಬೆಸೆದು ಕೂಡಿಸಿದ್ದು ಕೊನೆಯವರೆಗೂ ನಿಲ್ಲಬೇಕು. ಇತ್ತೀಚೆಗೆ ಕಂಪನಿಯ ಎ-ಆರ್ಮ್ ತೆಗೆದು ದುಪ್ಪಟ್ಟು ದಪ್ಪದ್ದನ್ನು ಹಾಕಿಕೊಡಿ ಎಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು, ಅದರ ಹಿಂದಿನ ಚೌಕಟ್ಟನ್ನು ಏನು ಮಾಡುತ್ತೀರಿ ಎಂದು.

ಏಟಿನ ಗಾತ್ರವನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ. 300 ಕೆ.ಜಿ. ಗಾಡಿ, ಮೇಲೆ 75 ಕೆ.ಜಿ. ಸವಾರ, ಗಂಟೆಗೆ 40 ಕಿ.ಮೀ. ವೇಗ ಎಂದಿಟ್ಟುಕೊಂಡರೆ ಅದರಲ್ಲಿರುವ ಚಲನಶಕ್ತಿ ಸುಮಾರು 23,000 ಜೂಲ್. ಅದೇ ಗಾಡಿಯನ್ನು ಆರು ಮೀಟರಿಗೂ ಹೆಚ್ಚು ಎತ್ತರದಿಂದ, ಅಂದರೆ ಎರಡು ಅಂತಸ್ತಿನ ಮನೆಯ ತಾರಸಿಯಿಂದ ಕೆಳಕ್ಕೆ ಬಿಟ್ಟರೆ ಆಗುವ ಏಟು ಇಷ್ಟೇ ಇರುತ್ತದೆ. ಅರ್ಧ ವೇಗದಲ್ಲಿ ಇದು ಕಾಲು ಭಾಗಕ್ಕೆ ಇಳಿಯುತ್ತದೆ, ಆದ್ದರಿಂದಲೇ ತೋಟದ ಹಾದಿಯಲ್ಲಿ ವೇಗಕ್ಕೆ ಹಾಕುವ ಕಡಿವಾಣ ಯಾವ ಗಸೆಟ್ಟಿಗಿಂತಲೂ (ಕೂಡಿಕೆಗೆ ಬಲ ಕೊಡಲು ಬೆಸೆಯುವ ತಗಡು) ದೊಡ್ಡ ಕೆಲಸ ಮಾಡುತ್ತದೆ. ಇನ್ನು ಆ ಗಾಡಿ 10 ಸೆ.ಮೀ.ನಲ್ಲಿ ನಿಂತರೆ ಅದರ ಮೇಲೆ ಬೀಳುವ ಬಲ ಸರಾಸರಿ 63 ಜಿ, ಅಂದರೆ ಅದರ ತೂಕದ 63 ಪಟ್ಟು; 30 ಸೆ.ಮೀ. ಕುಗ್ಗುತ್ತಾ ನಿಂತರೆ 21 ಜಿ. ಕಾರಿನ ಮುಂಭಾಗ ಬೇಕೆಂದೇ ಮುದುಡಿಕೊಳ್ಳುವುದು ಈ ಲೆಕ್ಕದ ಮೇಲೆ. ಎಟಿವಿಯಲ್ಲಿ ಅಷ್ಟು ಉದ್ದದ ಮೂತಿ ಇಲ್ಲ. ಇರುವ ಸ್ವಲ್ಪ ಅವಕಾಶವನ್ನು ಉಬ್ಬಿದ ಟೈರು, ಬಂಪರು ಮತ್ತು ಎ-ಆರ್ಮ್‌ಗಳು ಹಂಚಿಕೊಳ್ಳಬೇಕು.

ಮತ್ತೆ ನಮ್ಮ ಶೆಡ್ಡಿನ ಗಾಡಿಗೆ ಬರುತ್ತೇನೆ. ಎಡ ಮುಂಭಾಗದ ಬ್ರ್ಯಾಕೆಟ್ಟಿನ ಬೆಸುಗೆಯ ಅಂಚಿನಲ್ಲಿ ಬಣ್ಣದ ಮೇಲೆ ಕೂದಲೆಳೆಯಂಥ ಒಂದು ಗೀರು ಇತ್ತು, ಅದರ ಅರ್ಧದಷ್ಟು ಉದ್ದಕ್ಕೆ ತುಕ್ಕಿನ ಕಂದು ಇಳಿದಿತ್ತು. ಬಣ್ಣ ಮಾತ್ರ ಸೀಳಿದ್ದರೂ ಹಾಗೆ ಕಾಣಬಹುದಾದ್ದರಿಂದ ಆ ಜಾಗವನ್ನು ಲೋಹ ಕಾಣುವ ತನಕ ಬಣ್ಣ ತೆಗೆಯುವ ರಾಸಾಯನಿಕದಿಂದ ಶುದ್ಧಗೊಳಿಸಿದೆವು. ಗ್ರೈಂಡರ್ ಹಾಕಿದರೆ ಬಿರುಕಿನ ಬಾಯಿ ಸವರಿ ಮುಚ್ಚಿಹೋಗುತ್ತದೆ. ಆಮೇಲೆ ಕೆಂಪು ಡೈ ಸಿಂಪಡಿಸಿ, ಕಾಲು ಗಂಟೆ ಬಿಟ್ಟು, ಕ್ಲೀನರಿನಲ್ಲಿ ನೆನೆದ ಬಟ್ಟೆಯಿಂದ ಒರೆಸಿ, ಬಿಳಿಯ ಡೆವಲಪರ್ ಹಾಕಿದೆವು. ಎರಡು ನಿಮಿಷದೊಳಗೆ ಬಿಳಿಯ ಮೇಲೆ ಕೆಂಪು ಗೆರೆಯೊಂದು ನಿಧಾನವಾಗಿ ಒಸರಿ ಬಂತು. ಉದ್ದ ಅಳೆದರೆ 34 ಮಿ.ಮೀ. ಮೂರು ಡಬ್ಬಿಗಳ ಈ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ, ಪ್ರಯೋಗಾಲಯ ಬೇಡ. ಇದನ್ನು ಮಾಡದೆ ಗುದ್ದಿದ ಗಾಡಿಯನ್ನು ಮತ್ತೆ ಸವಾರಿಗೆ ಬಿಡುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಬಿರುಕು ಬೆಸುಗೆಯ ನಡುವೆ ಇರಲಿಲ್ಲ, ಬೆಸುಗೆ ಮುಗಿದು ಪೈಪು ಶುರುವಾಗುವ ಅಂಚಿನಲ್ಲಿತ್ತು. ಹೆಚ್ಚಿನ ಚೌಕಟ್ಟುಗಳು ಸೀಳುವುದು ಅಲ್ಲೇ. ಬೆಸುಗೆಯ ಕಾವು ತಾಗಿದ ಆ ಕಿರಿದಾದ ಪಟ್ಟಿಯಲ್ಲಿ ಉಕ್ಕಿನ ಒಳರಚನೆ ಬದಲಾಗಿರುತ್ತದೆ, ತಣಿಯುವಾಗ ಎಳೆದುಕೊಂಡ ಬಿಗಿತ ಒಳಗೇ ಉಳಿದಿರುತ್ತದೆ, ಮೇಲ್ಮೈಯ ಆಕಾರವೂ ಅಲ್ಲಿಯೇ ಥಟ್ಟನೆ ತಿರುಗುತ್ತದೆ. ಇಲ್ಲಿ ಅನೇಕರಿಗೆ ಅಚ್ಚರಿಯೆನಿಸುವ ಒಂದು ವಿಷಯವಿದೆ: ಬೆಸೆದು ಹಾಗೆಯೇ ಬಿಟ್ಟ ಕೂಡಿಕೆಯ ದಣಿವು ತಾಳುವ ಶಕ್ತಿ ಉಕ್ಕಿನ ಬಲದೊಂದಿಗೆ ಹೆಚ್ಚೇನೂ ಏರುವುದಿಲ್ಲ. ದುಪ್ಪಟ್ಟು ಬೆಲೆಯ ಕ್ರೋಮೋಲಿ ತಂದರೂ ಬೆಸುಗೆಯ ಅಂಚಿನಲ್ಲಿ ಲಕ್ಷಾಂತರ ಸಣ್ಣ ಕುಲುಕಾಟಗಳ ನಂತರ ಬಿರುಕು ಹುಟ್ಟುವ ಹೊತ್ತು ಸಾಧಾರಣ ಉಕ್ಕಿಗಿಂತ ಬಹಳ ದೂರವೇನೂ ಇರುವುದಿಲ್ಲ. ಅಲ್ಲಿ ನೆರವಾಗುವುದು ಕೂಡಿಕೆಯ ವಿನ್ಯಾಸ. ಗಸೆಟ್ ಚೂಪಾಗಿ ನಿಲ್ಲದೆ ಸಣ್ಣಗಾಗುತ್ತ ಹೋಗಿ ಪೈಪಿಗೆ ಸೇರಬೇಕು, ಬೆಸುಗೆ ಹೆಚ್ಚು ಒತ್ತಡವಿರುವ ಬಿಂದುವಿನಲ್ಲಿ ಮುಗಿಯಬಾರದು, ಪೈಪಿನ ತುದಿಯನ್ನು ಮೀನಿನ ಬಾಯಿಯಂತೆ ಸಂದಿಲ್ಲದೆ ಕೆತ್ತಿ ಕೂರಿಸಿರಬೇಕು. ಸಂದು ದೊಡ್ಡದಾಗಿದ್ದರೆ ಅದನ್ನು ತುಂಬಲು ಹೆಚ್ಚು ಲೋಹ, ಹೆಚ್ಚು ಕಾವು ಸುರಿಯಬೇಕಾಗುತ್ತದೆ, ಆ ಕಾವೇ ಮುಂದೆ ಬಿರುಕಿಗೆ ಹಾದಿ ಮಾಡಿಕೊಡುತ್ತದೆ.

ಇಷ್ಟೇ ಆಗಿದ್ದರೆ ಈ ಚೌಕಟ್ಟನ್ನು ಉಳಿಸಬಹುದಿತ್ತು. ನಮ್ಮಲ್ಲಿರುವ ವೆಲ್ಡಿಂಗ್ ಮೇಸ್ತ್ರಿಗಳು ಮೂವತ್ತು ವರ್ಷಗಳ ಅನುಭವದವರು; 1940ರಲ್ಲಿ ಸ್ಥಾಪನೆಯಾದ ವಿಮಾನ ಕಾರ್ಖಾನೆ ಎಚ್‌ಎಎಲ್‌ನಿಂದ ನಿವೃತ್ತರಾದ ಹಿರಿಯರೊಬ್ಬರ ಕೈಕೆಳಗೆ ಆರ್ಗಾನ್ ಬೆಸುಗೆ ಕಲಿತವರು. ಹಾಳಾದ ತುಂಡನ್ನು ಕತ್ತರಿಸಿ ತೆಗೆದು, ಒಳಗೆ ಬಿಗಿಯಾಗಿ ಕೂರುವ ತೋಳುಪೈಪು ಇಟ್ಟು, ಹೊಸ ತುಂಡನ್ನು ಕೂಡಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಅವರು ಪೈಪನ್ನು ಎಂದೂ ನೇರವಾಗಿ ಅಡ್ಡಕ್ಕೆ ಕತ್ತರಿಸುವುದಿಲ್ಲ. ಉಕ್ಕಿನ ಕೊಳವೆಯಿಂದ ಕಟ್ಟಿದ ವಿಮಾನಗಳ ದುರಸ್ತಿಯಲ್ಲಿ ರೂಢಿಯಲ್ಲಿರುವಂತೆ 30 ಡಿಗ್ರಿ ಓರೆಯಾಗಿ ಕೊಯ್ಯುತ್ತಾರೆ. ಬೆಸುಗೆ ಒಂದೇ ಅಡ್ಡಸಾಲಿನಲ್ಲಿ ಬೀಳದೆ ಉದ್ದಕ್ಕೂ ಹರಡಿಕೊಳ್ಳುವುದರಿಂದ ಬಾಗುವ ಹೊರೆಯೆಲ್ಲ ಒಂದೇ ಕಡೆ ಒಟ್ಟಾಗುವುದಿಲ್ಲ. ಬೆಸೆದದ್ದನ್ನು ಗಾಳಿಯಲ್ಲಿ ತಾನಾಗಿ ತಣಿಯಲು ಬಿಡುತ್ತಾರೆ. ಯಾರಾದರೂ ಹುಡುಗರು ಆತುರಕ್ಕೆ ನೀರಿನ ಬಕೆಟ್ಟು ಹಿಡಿದು ಬಂದರೆ ಶಾಂತ ಸ್ವಭಾವದ ಅವರು ಸಿಟ್ಟಾಗುವುದನ್ನು ಆಗ ಮಾತ್ರ ನೋಡಬಹುದು.

ಆದರೆ ಮೇಸ್ತ್ರಿಗಳು ಅಂದು ಬೆಸುಗೆಯ ಬಂದೂಕು ಮುಟ್ಟಲಿಲ್ಲ. ಜೇಬಿನಿಂದ ಒಂದು ಪುಟ್ಟ ಅಯಸ್ಕಾಂತ ತೆಗೆದು, ಎಡಭಾಗದ ಕೆಳಪೈಪಿನ ಉದ್ದಕ್ಕೂ ಎಳೆಯುತ್ತ ಹೋದರು. ಬ್ರ್ಯಾಕೆಟ್ಟಿನಿಂದ ಒಂದು ಗೇಣು ಹಿಂದೆ ಅದು ಹಿಡಿತ ಬಿಟ್ಟು ಕೆಳಗೆ ಬಿತ್ತು. “ಸಾರ್, ಇಲ್ಲಿ ಕಬ್ಬಿಣ ಇಲ್ಲ, ಪುಟ್ಟಿ ಇದೆ” ಎಂದರು. ಕೆರೆದು ನೋಡಿದರೆ ಕಾರಿನ ತಗಡಿಗೆ ಬಳಿಯುವ ಪುಟ್ಟಿಯ ಕೆಳಗೆ ಪೈಪಿನ ಒಳಬಾಗಿನಲ್ಲಿ ಆಳವಾದ ಸುಕ್ಕುಗಳಿದ್ದವು, ಸುತ್ತಿಗೆಯ ಏಟಿನ ಗುರುತುಗಳಿದ್ದವು, ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ್ದಕ್ಕೆ ಸಾಕ್ಷಿಯಾಗಿ ಕಪ್ಪು ಹೊಪ್ಪಳೆ ಉಳಿದಿತ್ತು. ಗುದ್ದಿದ ಮೇಲೆ ಎಲ್ಲೋ ಯಾರೋ ಚಾಸಿಯ ಬೆಂಡ್ ತೆಗೆದಿದ್ದರು, ತೆಗೆದದ್ದನ್ನು ಮಾಲೀಕರಿಗೆ ಹೇಳಿರಲಿಲ್ಲ. ಅವರ ಮುಖ ಬಿಳುಚಿಕೊಂಡದ್ದನ್ನು ನೋಡಿದರೆ ಅವರಿಗೆ ಇದು ತಿಳಿದಿರಲಿಲ್ಲವೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಬಾಗಿದ ಪೈಪನ್ನು ನೆಟ್ಟಗೆ ಮಾಡಿದರೆ ಅದು ಮೊದಲಿನ ಪೈಪು ಆಗುವುದಿಲ್ಲ. ಬಾಗುವಾಗ ಹೊರಮೈಯ ಲೋಹ ಹಿಗ್ಗಿ ತೆಳುವಾಗಿರುತ್ತದೆ, ಒಳಮೈಯ ಲೋಹ ಒತ್ತಿಕೊಂಡಿರುತ್ತದೆ; ತಿರುಗಿ ಎಳೆದಾಗ ಅದೇ ಲೋಹ ಇನ್ನೊಮ್ಮೆ ಯೀಲ್ಡ್ ಹಂತವನ್ನು, ಅಂದರೆ ಬಾಗಿದ್ದು ಬಾಗಿಯೇ ಉಳಿಯುವ ಮಿತಿಯನ್ನು, ದಾಟಬೇಕು. ಒಂದು ದಿಕ್ಕಿಗೆ ಹಾಗೆ ದಾಟಿದ ಉಕ್ಕು ವಿರುದ್ಧ ದಿಕ್ಕಿನಲ್ಲಿ ಮೊದಲಿಗಿಂತ ಕಡಿಮೆ ಹೊರೆಗೇ ಮಣಿಯುತ್ತದೆ ಎಂಬುದು ಲೋಹಶಾಸ್ತ್ರ ಬಹಳ ಹಿಂದೆಯೇ ಕಂಡುಕೊಂಡ ಸತ್ಯ. ಹಲವು ಸಲ ಹಿಂದೆ ಮುಂದೆ ಬಗ್ಗಿಸಿದ ತಂತಿ ಕೊನೆಗೆ ತುಂಡಾಗುವುದನ್ನು ನಾವೆಲ್ಲ ಕೈಯಲ್ಲೇ ಮಾಡಿ ನೋಡಿದ್ದೇವೆ. ಸುಕ್ಕು ಬಿದ್ದಿದ್ದರಂತೂ ಆ ಸುಕ್ಕಿನ ತಳವೇ ಮುಂದಿನ ಬಿರುಕಿನ ತವರು. ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸವಿರುವ, ಸುಕ್ಕಿಲ್ಲದ, ಮೈಲ್ಡ್ ಸ್ಟೀಲಿನ ಪೈಪನ್ನು ಜಿಗ್‌ನಲ್ಲಿ (ಅಳತೆ ಕದಲದಂತೆ ಹಿಡಿದಿಡುವ ಸಾಧನದಲ್ಲಿ) ಕಟ್ಟಿ ತಣ್ಣಗೆ ಎಳೆಯುವುದನ್ನು ನಾನೂ ಒಪ್ಪುತ್ತೇನೆ, ಮಾಡಿಯೂ ಇದ್ದೇನೆ. ಮಾಡಿದ್ದನ್ನು ಮಾಲೀಕರಿಗೆ ಬರೆದು ಕೊಡಬೇಕು, ಬಣ್ಣ ಹಾಕುವ ಮೊದಲು ಡೈ ಪರೀಕ್ಷೆ ಆಗಬೇಕು. ಗ್ಯಾಸಿನಲ್ಲಿ ಕಾಯಿಸಿ, ಬಡಿದು, ಪುಟ್ಟಿ ಮೆತ್ತಿ ಮುಚ್ಚುವುದನ್ನು ದುರಸ್ತಿ ಎಂದು ಕರೆಯಲು ನನ್ನಿಂದ ಆಗದು.

ಮಾಲೀಕರು ಒಂದು ಪ್ರಶ್ನೆ ಕೇಳಿದರು: ಚೌಕಟ್ಟು ಪೂರ್ತಿ ಗಟ್ಟಿಯಿದ್ದರೆ ಅತಿಥಿಗಳು ಕ್ಷೇಮವೇ? ಇದಕ್ಕೆ ಹೌದು ಎನ್ನಲು ಸಾಧ್ಯವಿಲ್ಲ. ಬಾಹಾ ಗಾಡಿಯಲ್ಲಿ ಚಾಲಕ ಪಂಜರದೊಳಗೆ ಬೆಲ್ಟು ಕಟ್ಟಿಕೊಂಡು ಕುಳಿತಿರುತ್ತಾನೆ. ಕುದುರೆಯ ಮೇಲೆ ಕೂರುವಂತೆ ಕಾಲು ಅಗಲಿಸಿ ಕೂರುವ ಎಟಿವಿಯಲ್ಲಿ ಸವಾರನ ಮೇಲೆ ಏನೂ ಇಲ್ಲ. ಗಾಡಿ ಮಗುಚಿದರೆ ಆ ಗಟ್ಟಿ ಚೌಕಟ್ಟೇ ಅವನ ಎದೆಯ ಮೇಲೆ ಬೀಳುವ ಹೊರೆ. ಮೂರು ಚಕ್ರದ ಎಟಿವಿಗಳು ಅಮೆರಿಕದ ಮಾರುಕಟ್ಟೆಯಿಂದ 1988ರ ಒಪ್ಪಂದದೊಂದಿಗೆ ಮರೆಯಾದದ್ದು ಅವುಗಳ ಚೌಕಟ್ಟು ದುರ್ಬಲವಾಗಿತ್ತೆಂದು ಅಲ್ಲ, ಅವು ಸುಲಭವಾಗಿ ಮಗುಚುತ್ತಿದ್ದವೆಂದು. ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್‌ನಿಂದ ಮಾರುವ ಸಾಮಾನ್ಯ ಬಳಕೆಯ ಹೊಸ ಎಟಿವಿಗಳಿಗೆ ಸವಾರನ ಬೆನ್ನ ಹಿಂದೆ ರಕ್ಷಣಾ ಕಮಾನು ಕಡ್ಡಾಯ. ಪಕ್ಕಕ್ಕೆ ವಾಲಿಸುವ ಮೇಜಿನ ಮೇಲೆ 28.81 ಡಿಗ್ರಿಗಿಂತ ಮೊದಲು ಎರಡು ಚಕ್ರದ ಮೇಲೆ ಏಳಕೂಡದೆಂಬ ನಿಯಮವೂ ಇದೆ. ಆ ಕಮಾನನ್ನು ಬೋಲ್ಟು ಹಾಕಿ ಕೂರಿಸುವುದು ಹಿಂಭಾಗದ ಚೌಕಟ್ಟಿಗೆ. ಗುದ್ದಿಸಿ ಬಿರುಕು ಬಿಟ್ಟ ಚೌಕಟ್ಟಿಗೆ ಎಂಥ ಕಮಾನು ಹಾಕಿದರೂ ಮಗುಚಿದ ದಿನ ಅದು ಬುಡದಲ್ಲೇ ಕಳಚಬಹುದು. ಅವರ ಉಳಿದ ಮೂರು ಗಾಡಿಗಳನ್ನೂ ಬಿಚ್ಚಿ ಅಳೆಯೋಣ, ಆ ತನಕ ಸವಾರಿ ನಿಲ್ಲಿಸಿ ಎಂದು ಕೇಳಿಕೊಂಡೆ. ಅವರು ಅಲ್ಲಿಂದಲೇ ಫೋನು ಮಾಡಿ ನಿಲ್ಲಿಸಿದರು.

ಈ ಗಾಡಿಗೆ ಹೊಸ ಚೌಕಟ್ಟು ತರಿಸುವುದೆಂದು ನಿರ್ಧಾರವಾಯಿತು. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲ ಚೆನ್ನಾಗಿಯೇ ಇದ್ದವು, ಅವನ್ನು ಎಣ್ಣೆ ಸವರಿ ಹಲಗೆಯ ಮೇಲೆ ಎತ್ತಿಟ್ಟಿದ್ದೇವೆ. ಹಳೆಯದನ್ನು ಗುಜರಿಗೆ ಹಾಕಿ ಬರುತ್ತೇನೆಂದು ಟೆಂಪೊದವನು ಹೊರಟಾಗ ನಾನು ತಡೆದೆ. ಪುಟ್ಟಿಯ ಮೇಲೆ ಮತ್ತೊಂದು ಪದರ ಬಣ್ಣ ಹೊಡೆದರೆ ಅದು ಶಿವಾಜಿನಗರದಿಂದಲೋ ಇನ್ನೆಲ್ಲಿಂದಲೋ ಇನ್ನೊಬ್ಬರ ತೋಟಕ್ಕೆ ಹೋಗಿ ಸೇರುವ ಸಾಧ್ಯತೆ ಇತ್ತು. ಮಾಲೀಕರ ಒಪ್ಪಿಗೆ ಪಡೆದು, ಚೌಕಟ್ಟಿನ ಸಂಖ್ಯೆ ಕೊರೆದಿದ್ದ ಭಾಗವನ್ನು ದಾಖಲೆಗೆಂದು ಕತ್ತರಿಸಿ ಅವರ ಕೈಗೆ ಕೊಟ್ಟೆವು. ಆಮೇಲೆ ಮೇಸ್ತ್ರಿಗಳು ಕನ್ನಡಕ ಹಾಕಿಕೊಂಡು ಗ್ಯಾಸ್ ಕಟರ್ ಹಚ್ಚಿ, ಎರಡು ಕೆಳಪೈಪುಗಳನ್ನೂ ನಡುವಿನಲ್ಲಿ ಕತ್ತರಿಸಿದರು. ಸುಕ್ಕುಬಿದ್ದ ಗೇಣುದ್ದದ ತುಂಡನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ. ಬೆಂಡ್ ತೆಗೆದುಕೊಡಿ ಸಾಕು ಎಂದು ಬರುವವರ ಕೈಗೆ ಕೊಡಲು ಅದು ಈಗ ಮೇಜಿನ ಮೇಲೆ ಅಯಸ್ಕಾಂತದ ಪಕ್ಕದಲ್ಲಿದೆ.